ತಲೆ ಮೇಲಿನ ಬಟ್ಟೆ, ಕೋರ್ಟಿನ ಮರ್ಯಾದೆ ಮತ್ತು ನಮ್ಮ ಚರಿತ್ರೆ



ಉದ್ದದ ಪೋಸ್ಟ್ ಇದು. ಪುರುಸೊತ್ತು ಮಾಡ್ಕೊಂಡು ಓದಿ, ಅರ್ಧಕ್ಕೆ ಬಿಟ್ಟು ಕಾಮೆಂಟ್ ಹಾಕಬೇಡಿ.

ಹಿಜಾಬ್ ಮಾತು ಬಂದಾಗಲೆಲ್ಲ ನಮ್ಮ ಗ್ರೂಪುಗಳಲ್ಲೂ ಒಂದು ವಾದ ತಪ್ಪದೆ ಬರುತ್ತೆ. "ಕೋರ್ಟಿಗೆ ಹೋದರೆ ಕೋರ್ಟಿನ ಶಿಸ್ತು ಪಾಲಿಸಲ್ವಾ? ಜಡ್ಜ್ ಮುಂದೆ ಟೋಪಿ ತೆಗೀತೀವಿ, ಟವಲು ತೆಗೀತೀವಿ. ಕ್ಲಾಸ್‌ರೂಮಲ್ಲಿ ತಲೆವಸ್ತ್ರ ತೆಗೆದರೆ ಏನಾಗುತ್ತೆ?" ಇದನ್ನು ಹೇಳೋರೆಲ್ಲ ಕೇಸರಿ ಶಾಲಿನವರಲ್ಲ. ನಮ್ಮ ಹುಡುಗರೂ ಹೇಳ್ತಾರೆ.

ಈ ಹೋಲಿಕೆ ವಾಟ್ಸಾಪಿನಲ್ಲಿ ಮಾತ್ರ ಇಲ್ಲ. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನಲ್ಲೇ ಇದೆ. ನ್ಯಾಯಾಲಯ, ಯುದ್ಧದ ಕಾರ್ಯಾಲಯ, ಸೇನಾ ಶಿಬಿರ, ಇಂಥ ಜಾಗಗಳಲ್ಲಿ ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಶಿಸ್ತಿನ ಕಾರಣಕ್ಕೆ ಮಿತಿ ಬೀಳುತ್ತೆ, ಶಾಲೆಯೂ ಅದೇ ಬಗೆಯ ಜಾಗ ಅಂತ ತೀರ್ಪು ಹೇಳಿತು. ಅಂದರೆ ಹುಡುಗಿಯರ ತಲೆವಸ್ತ್ರದ ಪ್ರಶ್ನೆಗೆ ಅಳತೆಗೋಲಾಗಿ ಬಂದಿದ್ದು ಕೋರ್ಟು.

ಹಾಗಾದರೆ ಕೋರ್ಟಿನ ಬಗ್ಗೆಯೇ ಕೇಳೋಣ. ಕೋರ್ಟಿನಲ್ಲಿ ತಲೆ ಬರಿದಾಗಿರಬೇಕು ಅನ್ನೋ ನಿಯಮ ಎಲ್ಲಿಂದ ಬಂತು? ಅದನ್ನು ಯಾರ ಮೇಲೆ ಹಾಕಿದರು? ಯಾರಿಗೆ ರಿಯಾಯಿತಿ ಸಿಕ್ಕಿತು? ನಾನು ಇತಿಹಾಸದ ಪ್ರೊಫೆಸರ್ ಅಲ್ಲ. ಬಿ.ಎ. ಓದಿ ಕಚೇರಿಯಲ್ಲಿ ಫೈಲು ಬರೆಯೋನು. ಆದರೆ ಫೈಲು ಬರೆಯೋನಿಗೆ ಒಂದು ಅಭ್ಯಾಸ ಇರುತ್ತೆ. "ನಿಯಮ ಇದೆ" ಅಂತ ಯಾರಾದರೂ ಅಂದರೆ, "ಎಲ್ಲಿದೆ, ಆದೇಶದ ಪ್ರತಿ ತೋರಿಸಿ" ಅನ್ನೋದು. ಅದನ್ನೇ ಇಲ್ಲಿ ಮಾಡ್ತಿದ್ದೀನಿ.

*

ಲಂಡನ್ನಿನಿಂದ ಶುರು ಮಾಡೋಣ, ಯಾಕಂದ್ರೆ ನಮ್ಮ ಕೋರ್ಟುಗಳ ರೀತಿ ರಿವಾಜು ಬಂದಿದ್ದು ಅಲ್ಲಿಂದ.

1670ರ ಸೆಪ್ಟೆಂಬರ್. ಓಲ್ಡ್ ಬೈಲಿ ನ್ಯಾಯಾಲಯ. ಆರೋಪಿಗಳು ಇಬ್ಬರು, ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್. ಕ್ವೇಕರ್ ಪಂಥದವರು. ಸರ್ಕಾರ ಅವರ ಪ್ರಾರ್ಥನಾ ಮಂದಿರಕ್ಕೆ ಬೀಗ ಹಾಕಿತ್ತು, ಪೆನ್ ಬೀದಿಯಲ್ಲೇ ನಿಂತು ಉಪದೇಶ ಮಾಡಿದ. ಅದಕ್ಕೆ ಕೇಸು. ಈ ಕ್ವೇಕರುಗಳದ್ದು ಒಂದು ಹಟ ಇತ್ತು. ದೇವರ ಮುಂದೆ ಬಿಟ್ಟರೆ ಯಾವ ಮನುಷ್ಯನ ಮುಂದೆಯೂ ಟೋಪಿ ತೆಗೆಯಲ್ಲ. ರಾಜನಾಗಲಿ, ನ್ಯಾಯಾಧೀಶನಾಗಲಿ, ಎಲ್ಲರೂ ಸಮಾನರು, ಟೋಪಿ ತೆಗೆದರೆ ಒಬ್ಬ ಮೇಲು ಒಬ್ಬ ಕೀಳು ಅಂತ ಒಪ್ಪಿಕೊಂಡ ಹಾಗೆ ಅನ್ನೋದು ಅವರ ನಂಬಿಕೆ.

ಕೋರ್ಟಿಗೆ ಬರುವಾಗ ಅಲ್ಲಿನ ಸಿಬ್ಬಂದಿಯೇ ಅವರ ಟೋಪಿ ತೆಗೆದರು. ಪೀಠ ಏನು ಮಾಡಿತು ಗೊತ್ತಾ? ಟೋಪಿಗಳನ್ನು ವಾಪಸ್ ಅವರ ತಲೆಗೆ ಇಡಿ ಅಂತ ಹೇಳಿತು. ಇಟ್ಟ ಮೇಲೆ, "ಕೋರ್ಟಿನ ಮುಂದೆ ಟೋಪಿ ಯಾಕೆ ತೆಗೆದಿಲ್ಲ?" ಅಂತ ಕೇಳಿ ತಲಾ 40 ಮಾರ್ಕ್ ದಂಡ ಹಾಕಿತು. ಟೋಪಿ ಇಡಿಸಿದ್ದೂ ಅವರೇ, ಟೋಪಿ ಇದೆ ಅಂತ ದಂಡ ಹಾಕಿದ್ದೂ ಅವರೇ.

ಮುಂದಿನ ಕಥೆ ಕಾನೂನು ಓದಿದವರಿಗೆ ಗೊತ್ತಿರುತ್ತೆ. 12 ಜನ ಜ್ಯೂರಿ ಪೆನ್‌ಗೆ ಶಿಕ್ಷೆ ಕೊಡಲು ಒಪ್ಪಲಿಲ್ಲ. ಅವರನ್ನು ಅನ್ನ ನೀರಿಲ್ಲದೆ ಕೂಡಿಹಾಕಿದರು. ಆದರೂ ಜಗ್ಗಲಿಲ್ಲ. ನಿರ್ದೋಷಿ ಅಂದರು. ಜ್ಯೂರಿಗೂ ದಂಡ, ಕಟ್ಟದವರಿಗೆ ಜೈಲು. ಅವರಲ್ಲಿ ಎಡ್ವರ್ಡ್ ಬುಶೆಲ್ ಅನ್ನೋನು ಮೇಲಿನ ಕೋರ್ಟಿಗೆ ಹೋದ. ತೀರ್ಪಿನ ಕಾರಣಕ್ಕೆ ಜ್ಯೂರಿಯನ್ನು ಶಿಕ್ಷಿಸುವ ಹಾಗಿಲ್ಲ ಅನ್ನೋ ದೊಡ್ಡ ತತ್ವ ಅಲ್ಲಿಂದ ಹುಟ್ಟಿತು. ಆದರೆ ಮೂಲ ಆರೋಪದಿಂದ ಬಿಡುಗಡೆಯಾದ ಪೆನ್ ಸೀದಾ ಮನೆಗೆ ಹೋಗಲಿಲ್ಲ, ಜೈಲಿಗೆ ಹೋದ. ಟೋಪಿಯ ದಂಡ ಕಟ್ಟಲ್ಲ ಅಂದಿದ್ದಕ್ಕೆ.

ಆ ಕೋರ್ಟಿಗೆ ಟೋಪಿಯಿಂದ ಏನು ತೊಂದರೆ ಆಗಿತ್ತು? ಸಾಕ್ಷಿ ಕೇಳಿಸಲಿಲ್ಲವಾ? ಮುಖ ಕಾಣಲಿಲ್ಲವಾ? ಅದೇನೂ ಇಲ್ಲ. ಬಗ್ಗದೇ ಇರೋನನ್ನು ಬಗ್ಗಿಸಬೇಕಿತ್ತು ಅಷ್ಟೇ.

ಇನ್ನೊಂದು ತಮಾಷೆ ನೋಡಿ. ಬೇರೆಯವರ ತಲೆ ಬರಿದಾಗಿರಬೇಕು ಅಂದ ಅದೇ ಇಂಗ್ಲಿಷ್ ಕೋರ್ಟಿನಲ್ಲಿ ಜಡ್ಜುಗಳು, ವಕೀಲರು ಆ ಶತಮಾನದ ಕೊನೆಯಿಂದ ಇನ್ನೊಬ್ಬರ ಕೂದಲನ್ನೋ ಕುದುರೆ ಕೂದಲನ್ನೋ ತಲೆ ಮೇಲೆ ಇಟ್ಕೊಂಡು ಕೂತರು. ವಿಗ್ಗು. ಗಲ್ಲು ಶಿಕ್ಷೆ ಓದುವಾಗ ಆ ವಿಗ್ಗಿನ ಮೇಲೆ ಇನ್ನೊಂದು ಕಪ್ಪು ಬಟ್ಟೆ. ಸಿವಿಲ್ ಮತ್ತು ಕೌಟುಂಬಿಕ ಕೇಸುಗಳಲ್ಲಿ ಇಂಗ್ಲೆಂಡು ವಿಗ್ಗು ಬಿಟ್ಟಿದ್ದು 2008ರಲ್ಲಿ. ಅಂದರೆ ಕೋರ್ಟಿನಲ್ಲಿ ತಲೆ ಮುಚ್ಚಲೇಬಾರದು ಅನ್ನೋ ನಿಯಮ ಯಾವತ್ತೂ ಇರಲಿಲ್ಲ. ಯಾರ ತಲೆ ಮುಚ್ಚಿರಬಹುದು ಅನ್ನೋ ನಿಯಮ ಇತ್ತು.

ಗಂಡಸು ಟೋಪಿ ತೆಗೆದರೆ ಗೌರವ ಅನ್ನೋದೂ ಆಕಾಶದಿಂದ ಬಿದ್ದದ್ದಲ್ಲ. ಗಂಡಸು ತಲೆ ಮುಚ್ಚಿ ಪ್ರಾರ್ಥನೆ ಮಾಡಬಾರದು, ಹೆಂಗಸು ತಲೆ ಮುಚ್ಚದೆ ಪ್ರಾರ್ಥನೆ ಮಾಡಬಾರದು ಅಂತ ಬೈಬಲ್ಲಿನಲ್ಲಿ ಪೌಲನ ಪತ್ರದಲ್ಲಿದೆ. ಚರ್ಚಿನ ಆ ಪದ್ಧತಿ ಮನೆಗೆ, ದರ್ಬಾರಿಗೆ, ಕೋರ್ಟಿಗೆ ಬಂತು. ಇವತ್ತು ಅದನ್ನೇ "ಧರ್ಮಕ್ಕೆ ಸಂಬಂಧವಿಲ್ಲದ ಸಾಮಾನ್ಯ ಶಿಸ್ತು" ಅಂತ ಕರೀತಾರೆ.

*

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಪದ್ಧತಿ ಉಲ್ಟಾ. ದೊಡ್ಡವರ ಮುಂದೆ ಕಾಲು ಬರಿದಾಗಿರಬೇಕು, ತಲೆ ಮುಚ್ಚಿರಬೇಕು. ಮೈಸೂರು ದರ್ಬಾರಿಗೆ ಪೇಟ ಇಲ್ಲದೆ ಹೋಗೋ ಹಾಗಿರಲಿಲ್ಲ. ಬ್ರಿಟಿಷರಿಗೆ ಇದು ಪೇಚಾಟ ಆಯ್ತು. ಕೋರ್ಟಿಗೆ ಬರೋ ಹಿಂದೂಸ್ತಾನಿ ಯಾವ ಪದ್ಧತಿ ಪಾಲಿಸಬೇಕು, ಅವನದೋ ನಮ್ಮದೋ? ಇದರ ಬಗ್ಗೆ ಹತ್ತೊಂಬತ್ತನೇ ಶತಮಾನದಲ್ಲಿ ಸರ್ಕಾರಿ ಆದೇಶಗಳೇ ಹೊರಟವು. ಸಾರಾಂಶ ಇಷ್ಟು. ದೇಶೀ ಜೋಡು ಮೆಟ್ಟಿದವನು ಬಾಗಿಲಲ್ಲಿ ಬಿಡಬೇಕು, ಇಂಗ್ಲಿಷ್ ಬೂಟು ಕಾಲುಚೀಲ ಹಾಕಿದವನು ಹಾಕ್ಕೊಂಡೇ ಬರಬಹುದು. 1862ರಲ್ಲಿ ಸೂರತ್ತಿನ ಕೋರ್ಟಿನಲ್ಲಿ ಪಾರ್ಸಿಯೊಬ್ಬರು ಜೋಡು ಬಿಚ್ಚಲ್ಲ ಅಂದು ದೊಡ್ಡ ಗಲಾಟೆಯಾಯಿತು, ಪತ್ರಿಕೆಗಳಲ್ಲಿ ಬಂತು. ತಲೆ ವಿಷಯದಲ್ಲಿ ಇಲ್ಲಿನ ಪದ್ಧತಿಯನ್ನೇ ಬಿಟ್ಟರು. ಹಾಗಾಗಿ ಇಲ್ಲಿನ ವಕೀಲರು, ಜಡ್ಜುಗಳು ರುಮಾಲು ಸುತ್ತಿಕೊಂಡೇ ಕೋರ್ಟು ನಡೆಸಿದರು. ಹಳೇ ವಕೀಲರ ಸಂಘಗಳ ಗೋಡೆಯ ಫೋಟೋಗಳನ್ನು ನೋಡಿ, ಸಾಲು ಸಾಲು ಪೇಟಗಳು.

ಇದು ಎಷ್ಟು ಸಾಮಾನ್ಯ ಆಗಿತ್ತು ಅಂದರೆ, 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹಿಜಾಬ್ ವಿಚಾರಣೆ ನಡೆಯುವಾಗ ಪಗಡಿ ಮಾತು ಬಂತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅವರು, ಪಗಡಿಯನ್ನು ಧರ್ಮದ ಜೊತೆ ಸೇರಿಸಬೇಡಿ, ನಮ್ಮ ತಾತ ವಕೀಲಿಕೆ ಮಾಡುವಾಗ ಪಗಡಿ ಹಾಕುತ್ತಿದ್ದರು ಅನ್ನೋ ಅರ್ಥದಲ್ಲಿ ಹೇಳಿದರು. ಸರಿ, ಅವರ ತಾತ ಹಾಕುತ್ತಿದ್ದರು. ಕೋರ್ಟಿನ ಮರ್ಯಾದೆಗೆ ಏನೂ ಆಗಲಿಲ್ಲ. ಆದರೆ ಒಬ್ಬರ ತಾತನ ಪಗಡಿ ಸಂಸ್ಕೃತಿ, ಇನ್ನೊಬ್ಬಳ ತಲೆವಸ್ತ್ರ ಧರ್ಮ ಅಂತ ಗೆರೆ ಎಳೆಯೋರು ಯಾರು?

*

ಕೋರ್ಟಿನ ಪಗಡಿ ಅಂದರೆ ಗಾಂಧಿ ಕಥೆ ಹೇಳದೆ ಆಗಲ್ಲ. 1893ರ ಮೇ, ದಕ್ಷಿಣ ಆಫ್ರಿಕಾದ ಡರ್ಬನ್. ಆಗ ತಾನೇ ಹಡಗಿಳಿದ ಬ್ಯಾರಿಸ್ಟರ್‌ನನ್ನು ಅಬ್ದುಲ್ಲಾ ಶೇಠ್ ಕೋರ್ಟು ತೋರಿಸಲು ಕರೆದುಕೊಂಡು ಹೋದರು. ಮ್ಯಾಜಿಸ್ಟ್ರೇಟ್ ದಿಟ್ಟಿಸಿ ನೋಡಿ ಪಗಡಿ ತೆಗಿ ಅಂದ. ಗಾಂಧಿ ತೆಗೆಯದೆ ಹೊರಗೆ ಬಂದರು, ಪತ್ರಿಕೆಗೆ ಬರೆದರು. ಇಷ್ಟನ್ನು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಮುಂದಿನದ್ದನ್ನು ಹೇಳಿಕೊಟ್ಟಿಲ್ಲ, ಅದು ಅವರ ಆತ್ಮಕಥೆಯಲ್ಲೇ ಇದೆ.

ಅಬ್ದುಲ್ಲಾ ಶೇಠ್ ಅಲ್ಲಿನ ಪದ್ಧತಿ ವಿವರಿಸುತ್ತಾರೆ. ಮುಸಲ್ಮಾನರ ಉಡುಪು ತೊಟ್ಟವರು ಪಗಡಿ ಇಟ್ಕೊಳ್ಳಬಹುದು, ಉಳಿದ ಹಿಂದೂಸ್ತಾನಿಗಳು ಕೋರ್ಟಿಗೆ ಬಂದರೆ ತೆಗೀಬೇಕು. ಅಲ್ಲಿ ವ್ಯಾಪಾರಿ ಮುಸಲ್ಮಾನರು ತಮ್ಮನ್ನು ಅರಬರು ಅಂತ ಕರ್ಕೊಳ್ಳೋರು, ಪಾರ್ಸಿಗಳು ಪರ್ಷಿಯನ್ನರು ಅಂತ. ಹಾಗೆ ಯಾಕೆ? ಕೂಲಿ ಅನ್ನಿಸಿಕೊಳ್ಳಬಾರದು ಅಂತ. 1860ರಲ್ಲಿ ಮದ್ರಾಸಿನಿಂದ ಮೊದಲ ಹಡಗಿನಲ್ಲಿ ಕರಾರಿನ ಕೂಲಿಗಳು ಡರ್ಬನ್ನಿಗೆ ಹೋಗಿದ್ದರು, ಕಬ್ಬಿನ ತೋಟಕ್ಕೆ. ಅವರಲ್ಲಿ ನಮ್ಮಂಥ ಜಾತಿಗಳಿಂದ ಹೋದವರೂ ಇದ್ದರು. ಪಗಡಿ ಬೇಡ, ಇಂಗ್ಲಿಷ್ ಹ್ಯಾಟು ಹಾಕ್ತೀನಿ ಅಂತ ಗಾಂಧಿ ಯೋಚಿಸಿದಾಗ ಶೇಠ್ ಬೇಡ ಅಂದರು. ಹ್ಯಾಟು ಹಾಕಿದರೆ ನಿಮ್ಮನ್ನು ಹೋಟೆಲ್ ವೇಟರ್ ಅಂದ್ಕೋತಾರೆ ಅಂದರು. ಯಾಕಂದ್ರೆ ಕ್ರೈಸ್ತರಾದ ಕೂಲಿಗಳ ಮಕ್ಕಳು ಹ್ಯಾಟು ಹಾಕಿ ಹೋಟೆಲುಗಳಲ್ಲಿ ಕೆಲಸ ಮಾಡುತ್ತಿದ್ದರು.

ಒಂದು ಕೋರ್ಟಿನ ಬಾಗಿಲಲ್ಲಿ ಎಷ್ಟು ಮೆಟ್ಟಿಲು ನೋಡಿ. ಮೇಲೆ ಬಿಳಿಯ, ಕೆಳಗೆ "ಅರಬ", ಅವನ ಕೆಳಗೆ ಪಗಡಿಯ ಹಿಂದೂ, ಎಲ್ಲರ ಕೆಳಗೆ ಕೂಲಿ. ಪಗಡಿಯ ಹೋರಾಟದಲ್ಲಿ ಕೂಲಿಯ ತಲೆಯ ಮಾತೇ ಇಲ್ಲ. ನಮ್ಮವರ ತಲೆ ಚರಿತ್ರೆಯ ಪುಟಕ್ಕೆ ಬರೋದೇ ಇನ್ನೊಬ್ಬರು "ನಾನು ಅವನಲ್ಲ" ಅಂತ ಹೇಳುವಾಗ.

1894ರಲ್ಲಿ ನಟಾಲ್ ಸುಪ್ರೀಂ ಕೋರ್ಟಿನಲ್ಲಿ ವಕೀಲರಾಗಿ ನೋಂದಣಿಯಾದ ದಿನ ಮುಖ್ಯ ನ್ಯಾಯಮೂರ್ತಿ ಪಗಡಿ ತೆಗೆಯಲು ಹೇಳಿದಾಗ ಗಾಂಧಿ ತೆಗೆದರು. ಶಕ್ತಿಯನ್ನು ದೊಡ್ಡ ಹೋರಾಟಕ್ಕೆ ಉಳಿಸಿಕೊಳ್ಳೋಣ ಅನ್ನೋದು ಅವರ ಲೆಕ್ಕ. ಅಬ್ದುಲ್ಲಾ ಶೇಠ್‌ಗೆ ಬೇಸರವಾಯ್ತು. ನನಗೆ ಅದರಲ್ಲಿ ತಕರಾರಿಲ್ಲ. ಯಾವಾಗ ತೆಗೀಬೇಕು, ಯಾವಾಗ ತೆಗೀಬಾರದು ಅಂತ ಅವರೇ ತೀರ್ಮಾನ ಮಾಡಿದರು. ಆ ಅವಕಾಶ ಅವರಿಗಿತ್ತು. ಉಡುಪಿಯ 17 ವರ್ಷದ ಹುಡುಗಿಗೆ ಇತ್ತಾ ಅನ್ನೋದು ಪ್ರಶ್ನೆ.

*

ಈಗ ನಮ್ಮ ತಲೆಗೆ ಬರೋಣ. ಕೋರ್ಟು ಅಂದರೆ ಕಲ್ಲಿನ ಕಟ್ಟಡ ಮಾತ್ರ ಅಲ್ಲ. ಹಳ್ಳಿಯಲ್ಲಿ ಅರಳೀಕಟ್ಟೆಯೂ ಕೋರ್ಟೇ, ಗೌಡರ ಜಗಲಿಯೂ ಕೋರ್ಟೇ. ಅಲ್ಲಿನ ಡ್ರೆಸ್ ಕೋಡ್ ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೆ ನಮ್ಮ ಕೇರಿಯ ಪ್ರತಿ ಮಗುವಿಗೂ ಬಾಯಿಪಾಠ. ಊರೊಳಗೆ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿಬೇಕು. ತಲೆಗೆ ಸುತ್ತಿದ ಟವಲು ಬಿಚ್ಚಿ ಕಂಕುಳಲ್ಲಿ ಇಟ್ಕೋಬೇಕು. ನಮ್ಮ ತಾತ ಹೊಲದಲ್ಲಿ ಇದ್ದಷ್ಟು ಹೊತ್ತು ತಲೆಗೆ ಟವಲು ಸುತ್ತೋರು, ಊರ ಬಾಗಿಲು ಬಂದ ತಕ್ಷಣ ಕೈ ತಾನಾಗಿ ಮೇಲೆ ಹೋಗೋದು. ಬಿಸಿಲಿರಲಿ ಮಳೆ ಇರಲಿ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇಂದೋರ್ ಜಿಲ್ಲೆಯ ಬಲಾಯಿ ಜನರ ಪ್ರಕರಣ ಕೊಡುತ್ತಾರೆ, 1928ರ ಜನವರಿಯ ಪತ್ರಿಕಾ ವರದಿಯಿಂದ. ಸವರ್ಣರು ಬಲಾಯಿಗಳಿಗೆ ಷರತ್ತು ಹಾಕಿದರು. ಅದರಲ್ಲಿ ಮೊಟ್ಟಮೊದಲ ಷರತ್ತು ಏನು ಗೊತ್ತಾ? ಜರಿ ಅಂಚಿನ ಪಗಡಿ ಸುತ್ತಬಾರದು. ಆಮೇಲೆ ಬಣ್ಣದ ಅಂಚಿನ ಪಂಚೆ ಉಡಬಾರದು, ಹೆಂಗಸರು ಚಿನ್ನ ಬೆಳ್ಳಿ ಹಾಕಬಾರದು, ಸವರ್ಣರ ಮನೆ ಸಾವಿನ ಸುದ್ದಿ ಹೊತ್ತುಕೊಂಡು ಹೋಗಬೇಕು, ಮದುವೆ ಮೆರವಣಿಗೆಗೆ ವಾದ್ಯ ಬಾರಿಸಬೇಕು. ಒಪ್ಪದಿದ್ದರೆ ಊರು ಬಿಡಿ. ಬಲಾಯಿಗಳು ಒಪ್ಪಲಿಲ್ಲ. ಬಾವಿ ಮುಚ್ಚಿತು, ದನ ಮೇಯಿಸೋ ಜಾಗ ಮುಚ್ಚಿತು, ದಾರಿ ಮುಚ್ಚಿತು. ದರ್ಬಾರಿಗೆ ಅರ್ಜಿ ಹಾಕಿದರು, ಸಕಾಲಕ್ಕೆ ನ್ಯಾಯ ಸಿಗಲಿಲ್ಲ. ಹೆಂಡತಿ ಮಕ್ಕಳ ಜೊತೆ ನೂರಾರು ಜನ ತಲೆತಲಾಂತರದ ಊರು ಬಿಟ್ಟು ಪಕ್ಕದ ಸಂಸ್ಥಾನಗಳಿಗೆ ಹೋದರು.

ತಿರುವಾಂಕೂರಿನಲ್ಲಿ ಅಯ್ಯಂಕಾಳಿ 1893ರಲ್ಲಿ ತಲೆಗೆ ಪೇಟ ಸುತ್ತಿ ಎತ್ತಿನ ಗಾಡಿ ಹತ್ತಿ, ಪುಲಯರು ಕಾಲಿಡಬಾರದ ರಾಜಬೀದಿಯಲ್ಲಿ ಹೊರಟರು. ಗಾಂಧಿ ಡರ್ಬನ್ನಿನಲ್ಲಿ ಪಗಡಿ ತೆಗೆಯಲ್ಲ ಅಂದ ವರ್ಷವೇ ಅದು! ಒಂದು ಪಗಡಿ ನಮ್ಮ ಮಕ್ಕಳ ಪಠ್ಯದಲ್ಲಿದೆ, ಇನ್ನೊಂದನ್ನು ನಾವೇ ಹುಡುಕಿಕೊಂಡು ಓದಬೇಕು. ಅಯ್ಯಂಕಾಳಿಯ ಪ್ರತಿಮೆ, ಚಿತ್ರ ಯಾವುದೇ ನೋಡಿ, ತಲೆಯ ಮೇಲೆ ಆ ಪೇಟ ಇದ್ದೇ ಇರುತ್ತೆ. ಅದು ಅಲಂಕಾರ ಅಲ್ಲ.

ಬಾಬಾಸಾಹೇಬರ ಬಾಲ್ಯದ ಘಟನೆಯೂ ಇದಕ್ಕೇ ಸೇರಿದ್ದು. 1901ರಲ್ಲಿ ಅಪ್ಪನನ್ನು ನೋಡಲು ಹೊರಟ ಮಕ್ಕಳು. ಹೊಸ ಅಂಗಿ, ರೇಷ್ಮೆ ಅಂಚಿನ ಪಂಚೆ, ಮಿರುಗುವ ಟೋಪಿ. ಮಸೂರು ಸ್ಟೇಷನ್ನಿನ ಮಾಸ್ತರನಿಗೆ ಆ ಬಟ್ಟೆ ನೋಡಿ ಇವರು ಬ್ರಾಹ್ಮಣರ ಮಕ್ಕಳು ಅನ್ನಿಸಿತು, ಪ್ರೀತಿಯಿಂದ ಮಾತಾಡಿಸಿದ. ಮಹಾರ್ ಅನ್ನೋ ಒಂದು ಪದ ಕಿವಿಗೆ ಬಿದ್ದ ತಕ್ಷಣ ಮುಖ ಬದಲಾಯಿತು. ಟೋಪಿ ಅದೇ, ತಲೆ ಅದೇ. ಮುಂದೆ ಅವರು ಬ್ಯಾರಿಸ್ಟರ್ ಆಗಿ ಕೋಟು ಬ್ಯಾಂಡು ಹಾಕಿ ಬಾಂಬೆ ಹೈಕೋರ್ಟಿನಲ್ಲಿ ನಿಂತರು. ಅವರ ಸೂಟು ನಮಗೆ ಯಾಕೆ ಅಷ್ಟು ದೊಡ್ಡದು ಅಂತ ಕೇಳೋರಿಗೆ ಈ ಕಥೆ ಹೇಳಿ.

ಪೇಟದ ಇನ್ನೊಂದು ಗತಿಯೂ ಇದೆ. ಸಾಹೇಬರ ಕಾಲದಲ್ಲಿ ಅಧಿಕಾರಿ ಹ್ಯಾಟಿಗೆ ಬಂದ, ಜರಿ ಪೇಟ ಜವಾನನ ತಲೆಗೆ ಹೋಯ್ತು. ಇವತ್ತಿಗೂ ಜಿಲ್ಲಾಧಿಕಾರಿ ಕಚೇರಿಯಲ್ಲಿ ದಫೇದಾರರ ತಲೆ ಮೇಲೆ ಪೇಟ ಇರುತ್ತೆ, ಡಿಸಿ ಸಾಹೇಬರ ತಲೆ ಬರಿದು. ದೊಡ್ಡ ಹೋಟೆಲಿನ ಬಾಗಿಲು ತೆಗೆಯೋನ ತಲೆ ಮೇಲೂ ಪೇಟ. ಬಟ್ಟೆ ಅದೇ, ಯಾರು ಹಾಕಿಸಿದರು ಅನ್ನೋದರ ಮೇಲೆ ಅರ್ಥ ಬೇರೆ.

*

ಈ ಕಾಲದ ಕೋರ್ಟುಗಳು ಏನು ಹೇಳಿವೆ? ನಾಲ್ಕು ಪ್ರಕರಣ ಚುಟುಕಾಗಿ ಹೇಳ್ತೀನಿ.

ಅಮೆರಿಕದ ಜಾರ್ಜಿಯಾ, 2008ರ ಡಿಸೆಂಬರ್. ಸಂಬಂಧಿಕ ಹುಡುಗನ ಟ್ರಾಫಿಕ್ ಕೇಸಿಗೆ ಜೊತೆಗೆ ಬಂದ ಹೆಂಗಸು ಹಿಜಾಬ್ ತೆಗೆಯಲ್ಲ ಅಂದಿದ್ದಕ್ಕೆ ನ್ಯಾಯಾಂಗ ನಿಂದನೆ ಅಂತ ಜೈಲಿಗೆ ಕಳಿಸಿದರು, ಅದೇ ದಿನ ಬಿಡಬೇಕಾಯಿತು. ಮುಂದಿನ ವರ್ಷ ಆ ರಾಜ್ಯದ ನ್ಯಾಯಾಂಗ ಮಂಡಳಿಯೇ ಧಾರ್ಮಿಕ ತಲೆವಸ್ತ್ರಕ್ಕೆ ಕೋರ್ಟಿನಲ್ಲಿ ಅವಕಾಶ ಇದೆ ಅಂತ ನೀತಿ ಮಾಡಿತು.

ಕೆನಡಾದ ಕ್ವಿಬೆಕ್, 2015ರ ಫೆಬ್ರವರಿ. ಜಪ್ತಿಯಾದ ಕಾರು ಬಿಡಿಸಿಕೊಳ್ಳಲು ಬಂದ ತಾಯಿಗೆ ಜಡ್ಜ್ ಹೇಳಿದ್ದು, ಇದು ಧರ್ಮನಿರಪೇಕ್ಷ ಜಾಗ, ಹಿಜಾಬ್ ತೆಗೆಯದಿದ್ದರೆ ಕೇಸು ಕೇಳಲ್ಲ ಅಂತ. ಟೋಪಿ, ಕಪ್ಪು ಕನ್ನಡಕಕ್ಕೆ ಹೋಲಿಸಿದರು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಇದು ತಪ್ಪು ಅಂದಿತು. ಸರಿಯಾದ ಉಡುಪಿರಬೇಕು ಅನ್ನೋ ನಿಯಮವನ್ನು ಪ್ರಾಮಾಣಿಕ ನಂಬಿಕೆಯ ತಲೆವಸ್ತ್ರದ ಮೇಲೆ ಹೀಗೆ ಪ್ರಯೋಗಿಸುವ ಹಾಗಿಲ್ಲ ಅಂದಿತು. 2020ರಲ್ಲಿ ಆ ಜಡ್ಜ್ ಕ್ಷಮೆ ಕೇಳಿದರು.

ಬೆಲ್ಜಿಯಂ, 2007. ಕೊಲೆಯಾದ ಅಣ್ಣ ತಮ್ಮನಿಗೆ ನ್ಯಾಯ ಕೇಳಲು ಬಂದ ಹೆಣ್ಣುಮಗಳು. ಹಿಜಾಬ್ ತೆಗೆದರೆ ಮಾತ್ರ ಒಳಗೆ ಅಂದರು. ತೆಗೆಯಲಿಲ್ಲ, ಒಳಗೆ ಬಿಡಲಿಲ್ಲ. ಅಲ್ಲಿನ ಕಾನೂನಿನಲ್ಲಿ ಕೋರ್ಟಿಗೆ ಬಂದವರ ತಲೆ ಬರಿದಾಗಿರಬೇಕು ಅಂತಲೇ ಇತ್ತು. 2018ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ಧರ್ಮ ಸ್ವಾತಂತ್ರ್ಯದ ಉಲ್ಲಂಘನೆ ಅಂದಿತು.

ಬೋಸ್ನಿಯಾ. ಭಯೋತ್ಪಾದನೆಯ ಕೇಸಿನಲ್ಲಿ ಸಾಕ್ಷಿಯಾಗಿ ಬಂದವನು ನಮಾಜಿನ ಟೋಪಿ ತೆಗೆಯಲಿಲ್ಲ. ದಂಡ ಹಾಕಿದರು, ಕಟ್ಟಲಿಲ್ಲ, 30 ದಿನ ಜೈಲು. 2017ರಲ್ಲಿ ಅದೇ ಯುರೋಪಿನ ನ್ಯಾಯಾಲಯ ಇದೂ ತಪ್ಪು ಅಂದಿತು. ಕಾರಣ ಗಮನಿಸಿ. ಆತ ಸರ್ಕಾರಿ ನೌಕರ ಅಲ್ಲ, ಸಾಮಾನ್ಯ ಪ್ರಜೆ. ಕರೆದಾಗ ಬಂದ, ಎದ್ದು ನಿಂತ. ಕೋರ್ಟಿನ ಬಗ್ಗೆ ಅಗೌರವ ತೋರಿಸಲಿಲ್ಲ. ಟೋಪಿ ಒಂದೇ ಅಗೌರವದ ಸಾಕ್ಷಿ ಆಗಲ್ಲ.

ಇಂಗ್ಲೆಂಡಿನಲ್ಲಂತೂ 1982ರಲ್ಲೇ ಸಿಖ್ ಜಡ್ಜ್ ಮೋತಾ ಸಿಂಗ್ ವಿಗ್ಗಿನ ಬದಲು ಪಗಡಿಯಲ್ಲಿ ಪೀಠದ ಮೇಲೆ ಕೂತರು. ಪೆನ್‌ಗೆ ಟೋಪಿಗಾಗಿ ಜೈಲಾದ ದೇಶದಲ್ಲಿ!

ಹಾಗಂತ ಎಲ್ಲವೂ ಒಂದೇ ಅಂತ ನಾನು ಹೇಳ್ತಿಲ್ಲ. ತಲೆ ಬೇರೆ, ಮುಖ ಬೇರೆ. ಮುಖ ಪೂರ್ತಿ ಮುಚ್ಚಿದಾಗ ಇವರು ಯಾರು ಅಂತ ಖಾತ್ರಿ ಮಾಡಿಕೊಳ್ಳೋದು ಕೋರ್ಟಿನ ನಿಜವಾದ ಕೆಲಸ. ಕೆನಡಾದ ಸುಪ್ರೀಂ ಕೋರ್ಟು 2012ರಲ್ಲಿ, ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ ಮುಖ ಮುಚ್ಚಿ ಸಾಕ್ಷಿ ಹೇಳಬಹುದಾ ಅನ್ನೋ ಪ್ರಶ್ನೆಗೆ ಯಾವಾಗಲೂ ಸರಿ ಅಂತಲೂ ಹೇಳಲಿಲ್ಲ, ಯಾವಾಗಲೂ ತಪ್ಪು ಅಂತಲೂ ಹೇಳಲಿಲ್ಲ. ಆರೋಪಿಯ ನ್ಯಾಯಯುತ ವಿಚಾರಣೆಯ ಹಕ್ಕು ಮತ್ತು ಆಕೆಯ ನಂಬಿಕೆ ಎರಡನ್ನೂ ಆಯಾ ಕೇಸಿನಲ್ಲಿ ತೂಗಿ ನೋಡಿ ಅಂದಿತು. ನಮ್ಮಲ್ಲೇ 2024ರ ಕೊನೆಯಲ್ಲಿ ಜಮ್ಮು ಕಾಶ್ಮೀರ ಹೈಕೋರ್ಟಿಗೆ ವಕೀಲೆ ಅಂತ ಬಂದವರು ಮುಖದ ಮುಸುಕು ತೆಗೆಯಲ್ಲ ಅಂದಾಗ, ಬಾರ್ ಕೌನ್ಸಿಲ್ ನಿಯಮಗಳು ಅದಕ್ಕೆ ಅವಕಾಶ ಕೊಡಲ್ಲ ಅಂತ ಕೋರ್ಟು ಹೇಳಿತು. ಗುರುತಿನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ತಲೆವಸ್ತ್ರಕ್ಕೆ ತಂದು ಅಂಟಿಸೋದು ಮೋಸ.

*

ಇನ್ನು ನಮ್ಮ ತಾಲೂಕು ಕೋರ್ಟು. ಬಾರ್ ಕೌನ್ಸಿಲ್ ನಿಯಮ ಇರೋದು ವಕೀಲರಿಗೆ. ಕರಿ ಕೋಟು, ಬಿಳಿ ಬ್ಯಾಂಡು. ಕೇಸು ಹಾಕೋ ರೈತನಿಗೆ, ಸಾಕ್ಷಿ ಹೇಳೋ ಕೂಲಿ ಹೆಂಗಸಿಗೆ ಆ ನಿಯಮ ಇಲ್ಲ. ಉತ್ತರ ಕರ್ನಾಟಕದ ತಾಯಂದಿರು ತಲೆ ಮೇಲೆ ಸೆರಗು ಹೊದ್ದೇ ಕಟಕಟೆಗೆ ಬರ್ತಾರೆ, ಯಾವ ಜಡ್ಜೂ ಸೆರಗು ಇಳಿಸಿ ಅನ್ನಲ್ಲ. ಸಿಖ್ ವಕೀಲರಿಗೆ ಪಗಡಿ ತೆಗಿ ಅನ್ನಲ್ಲ. ಆದರೆ ನಮ್ಮ ಕೇರಿಯ ಮುದುಕ, ಹೆಸರು ಕೂಗಿದ ತಕ್ಷಣ, ಯಾರೂ ಹೇಳದೆ ಟವಲು ಬಿಚ್ಚಿ ಕಂಕುಳಿಗೆ ಇಟ್ಕೋತಾನೆ. ಆ ಪಾಠವನ್ನು ಅವನಿಗೆ ಕಲಿಸಿದ್ದು ಕೋರ್ಟಲ್ಲ, ಗೌಡರ ಜಗಲಿ.

2022ರ ತೀರ್ಪು ಕೇಳಿದ ದೊಡ್ಡ ಪ್ರಶ್ನೆ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಾ ಅಂತ. ಅಲ್ಲ ಅಂದಿತು. ಈ "ಅತ್ಯಗತ್ಯ" ಅನ್ನೋ ಪರೀಕ್ಷೆಯ ಬೇರು 1954ರ ಶಿರೂರು ಮಠದ ಕೇಸಿನಲ್ಲಿದೆ. ಶಿರೂರು ಮಠ ಎಲ್ಲಿದೆ? ಉಡುಪಿಯಲ್ಲಿ. ಹಿಜಾಬ್ ಕೇಸು ಹುಟ್ಟಿದ ಊರಿನಲ್ಲೇ. ಅದೇ ಕರಾವಳಿಯ ಇನ್ನೊಂದು ಕೇಸು ನಮ್ಮವರು ಮರೆಯಬಾರದ್ದು, ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು. ಎಲ್ಲ ಜಾತಿಯವರಿಗೂ ಪ್ರವೇಶ ಕೊಡೋ ಕಾನೂನನ್ನು ಅಲ್ಲಿನವರು ಪ್ರಶ್ನಿಸಿದ್ದರು. 1957ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇನು? ಯಾರನ್ನು ಒಳಗೆ ಬಿಡಬೇಕು ಅನ್ನೋದು ಆಗಮಗಳ ಪ್ರಕಾರ ಧರ್ಮದ ವಿಷಯವೇ ಹೌದು. ಆದರೂ ಸಂವಿಧಾನದ 25(2)(ಬಿ) ವಿಧಿ ಅದಕ್ಕಿಂತ ಮೇಲೆ, ಬಾಗಿಲು ತೆಗೆಯಲೇಬೇಕು.

ನಮಗೆ ದಾರಿ ತೋರಿಸೋದು ಈ ಮೂಲ್ಕಿ ಕೇಸು. ಶಾಸ್ತ್ರದಲ್ಲಿ ಏನಿದೆ ಅನ್ನೋದನ್ನು ಕಟ್ಟಕಡೆಯ ಮಾತು ಮಾಡಿಕೊಂಡಿದ್ದರೆ ನಾವು ಇವತ್ತಿಗೂ ದೇವಸ್ಥಾನದ ಹೊರಗೆ. ಹಾಗಿದ್ದ ಮೇಲೆ ಮುಸ್ಲಿಂ ಹುಡುಗಿಗೆ ಮಾತ್ರ "ನಿನ್ನ ಶಾಸ್ತ್ರದಲ್ಲಿ ಇದೆಯಾ ತೋರಿಸು" ಅಂತ ಯಾಕೆ ಕೇಳೋದು? ಕೇಳಬೇಕಾದ್ದು ಬೇರೆ. ಇದರಿಂದ ಯಾರನ್ನಾದರೂ ಹೊರಗಿಟ್ಟ ಹಾಗೆ ಆಗುತ್ತಾ? ದೇವಸ್ಥಾನದ ಬಾಗಿಲು ಮುಚ್ಚಿದರೆ ಇನ್ನೊಬ್ಬ ಹೊರಗೆ ಉಳೀತಾನೆ. ಹುಡುಗಿ ತನ್ನ ತಲೆ ಮುಚ್ಚಿಕೊಂಡರೆ ಹೊರಗೆ ಉಳಿಯೋರು ಯಾರು? ಯಾರೂ ಇಲ್ಲ. ಹೊರಗೆ ಉಳಿದಿದ್ದು ಅವಳೇ.

"ಅಂಬೇಡ್ಕರ್ ಅವರೇ ಪರದಾ ವಿರುದ್ಧ ಬರೆದಿದ್ದಾರಲ್ಲ?" ಅಂತ ಕೇಳ್ತಾರೆ. ಹೌದು, ಬರೆದಿದ್ದಾರೆ. ಪಾಕಿಸ್ತಾನದ ಪ್ರಶ್ನೆ ಕುರಿತ ಪುಸ್ತಕದಲ್ಲಿ, ಕಟುವಾಗಿಯೇ. ಹೈಕೋರ್ಟಿನ ತೀರ್ಪಿನಲ್ಲೂ ಅದನ್ನು ಉಲ್ಲೇಖ ಮಾಡಿದ್ದಾರೆ. ನಾವು ಅದನ್ನು ಮುಚ್ಚಿಡಬೇಕಾಗಿಲ್ಲ. ಹೆಣ್ಣನ್ನು ಮುಸುಕಿನಲ್ಲಿ, ಮನೆಯೊಳಗೆ ಇಡೋ ಪದ್ಧತಿ ಯಾವ ಧರ್ಮದಲ್ಲಿದ್ದರೂ ನಾವು ಒಪ್ಪಲ್ಲ. ಆದರೆ ಬಾಬಾಸಾಹೇಬರು ಬಟ್ಟೆಯ ಸುಧಾರಣೆಯನ್ನು ಹೇಗೆ ಮಾಡಿದರು ಅನ್ನೋದನ್ನೂ ನೋಡಿ. 1927ರ ಡಿಸೆಂಬರ್, ಮಹಾಡ್. ನಮ್ಮ ಹೆಣ್ಣುಮಕ್ಕಳಿಗೆ ಹೇಳಿದರು, ಅಸ್ಪೃಶ್ಯರು ಅಂತ ಗುರುತಿಸೋ ರೀತಿಯ ಸೀರೆ ಉಡೋದು ಬಿಡಿ, ಆ ಬೆಳ್ಳಿ ಆಭರಣಗಳನ್ನು ಬಿಡಿ ಅಂತ. ಎದುರು ನಿಂತು, ತಮ್ಮವರಿಗೆ, ಮನ ಒಲಿಸಿ ಹೇಳಿದರು. ಆ ತಾಯಂದಿರು ಕೇಳಿದರು, ತಾವೇ ಬದಲಾದರು. ಗೇಟಿನಲ್ಲಿ ಪೊಲೀಸರನ್ನು ನಿಲ್ಲಿಸಿ, ಆಭರಣ ಬಿಚ್ಚದಿದ್ದರೆ ನಿನಗೆ ಅಕ್ಷರ ಇಲ್ಲ ಅನ್ನಲಿಲ್ಲ. ಓದಿಗೆ ಷರತ್ತು ಹಾಕೋದು ಮನುವಿನ ದಾರಿ, ಭೀಮರ ದಾರಿ ಅಲ್ಲ.

2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು, ವಿಷಯ ದೊಡ್ಡ ಪೀಠಕ್ಕೆ ಹೋಗಲಿ ಅಂದರು. ನ್ಯಾಯಮೂರ್ತಿ ಗುಪ್ತಾ ಹೈಕೋರ್ಟನ್ನು ಒಪ್ಪಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಒಪ್ಪಲಿಲ್ಲ. ಶಾಲೆಯನ್ನು ಯುದ್ಧದ ಕಾರ್ಯಾಲಯಕ್ಕೆ, ಸೇನಾ ಶಿಬಿರಕ್ಕೆ ಹೋಲಿಸೋದೇ ವಿಚಿತ್ರ ಅಂದರು. ಶಾಲೆಯ ಗೇಟಿನಲ್ಲಿ ಹುಡುಗಿಗೆ ಹಿಜಾಬ್ ತೆಗಿ ಅನ್ನೋದು ಅವಳ ಘನತೆಯ ಮೇಲೆ, ಖಾಸಗಿತನದ ಮೇಲೆ ದಾಳಿ ಅಂದರು. ಇದರಿಂದ ಅವಳ ಓದು ಮುಂದಕ್ಕೆ ಹೋಗುತ್ತಾ, ಹಿಂದಕ್ಕೆ ಹೋಗುತ್ತಾ ಅನ್ನೋದನ್ನು ಮುಖ್ಯ ಮಾಡಿಕೊಂಡರು.

*

ಕಡೆಯದಾಗಿ ನಮ್ಮ ಹುಡುಗರಿಗೆ ಒಂದು ಮಾತು.

2022ರ ಫೆಬ್ರವರಿಯಲ್ಲಿ ಕಾಲೇಜು ಕಾಲೇಜಿನಲ್ಲಿ ಕೇಸರಿ ಶಾಲು ಹಂಚಿದಾಗ, ಚಿಕ್ಕಮಗಳೂರಿನ ಕಾಲೇಜಿನಲ್ಲಿ ನಮ್ಮ ಮಕ್ಕಳು ನೀಲಿ ಶಾಲು ಹಾಕಿಕೊಂಡು, ಜೈ ಭೀಮ್ ಅಂತ ಕೂಗಿ, ಆ ಹೆಣ್ಣುಮಕ್ಕಳ ಪರ ನಿಂತರು. ಅವರಿಗೆ ಯಾರೂ ಕ್ವೇಕರ್ ಕಥೆ ಹೇಳಿರಲಿಲ್ಲ, ಬೆಲ್ಜಿಯಂ ತೀರ್ಪು ಓದಿಸಿರಲಿಲ್ಲ. ತಲೆ ಮೇಲಿನ ಬಟ್ಟೆ ತೆಗಿ ಅಂತ ಗುಂಪು ಸುತ್ತುವರಿದು ಹೇಳಿದರೆ ಅದರ ಅರ್ಥ ಏನು ಅಂತ ಅವರ ಮನೆಯವರಿಗೆ ಗೊತ್ತಿತ್ತು, ಮೂರು ತಲೆಮಾರಿನಿಂದ.

ಮುಂದಿನ ಸಲ ಯಾರಾದರೂ "ಕೋರ್ಟಿನಲ್ಲೇ ತೆಗೀತಾರಂತೆ" ಅಂತ ಕಳಿಸಿದರೆ, ಮೂರು ಪ್ರಶ್ನೆ ಕೇಳಿ. ಯಾವ ಕೋರ್ಟು? ಯಾರ ತಲೆ? ಆ ಬಟ್ಟೆಯಿಂದ ಯಾವ ಕೆಲಸಕ್ಕೆ ಅಡ್ಡಿ ಆಯಿತು? ಮೂರನೆಯದಕ್ಕೆ ಉತ್ತರ ಸಿಗದೇ ಹೋದರೆ ತಿಳ್ಕೊಳ್ಳಿ, ಅದು ಶಿಸ್ತಿನ ಮಾತಲ್ಲ, ಬಗ್ಗಿಸೋ ಮಾತು.

ಮತ್ತೆ ಇನ್ನೊಂದು ಕೆಲಸ. ನಿಮ್ಮ ಊರಿನ ಹಿರಿಯರು ಕೋರ್ಟಿಗೋ ತಾಲೂಕಾಫೀಸಿಗೋ ಬಂದಾಗ ಜೊತೆಗೆ ಹೋಗಿ. ಹೆಸರು ಕೂಗಿದಾಗ ಅವರ ಕೈ ಟವಲಿನ ಕಡೆ ಹೋದರೆ, ಮೆಲ್ಲಗೆ ಕೈ ಹಿಡಿದು ಹೇಳಿ: ಇರಲಿ ತಾತ, ತೆಗೀಬೇಡ. ಯಾರೂ ಕೇಳಿಲ್ಲ. ಕೇಳಿದರೆ ಆದೇಶದ ಪ್ರತಿ ತೋರಿಸಲಿ.

ಜೈ ಭೀಮ್. ಜೈ ಸಂವಿಧಾನ.

(ಶೇರ್ ಮಾಡೋರು ಮಾಡಿ. ಕಾಪಿ ಮಾಡೋರು ಪೂರ್ತಿ ಮಾಡಿ, ಅರ್ಧ ಕತ್ತರಿಸಬೇಡಿ. ತಕರಾರು ಇದ್ದೋರು ಮರ್ಯಾದೆಯಿಂದ ಬರೀರಿ, ಉತ್ತರ ಕೊಡ್ತೀನಿ.)